ಮೊದಲು ನೀರು, ಆಮೇಲೆ ಮೀನು

ಗಾಜಿನ ತೊಟ್ಟಿ, ಮಣ್ಣು, ಗಿಡ, ಮೀನು ಎಲ್ಲವನ್ನೂ ಒಂದೇ ದಿನ, ಒಂದೇ ಬಿಲ್ಲಿನಲ್ಲಿ ಮಾರುವುದು ಅಕ್ವೇರಿಯಂ ವ್ಯಾಪಾರದ ಹಳೆಯ ರೂಢಿ. ವಾರ ಕಳೆಯುವುದರೊಳಗೆ ಮೀನು ಮೇಲೆ ಬಂದು ಬಾಯಿ ಕಳೆಯುತ್ತದೆ, ಗಿಡದ ಎಲೆ ಕರಗುತ್ತದೆ. ಗಿರಾಕಿ ಮತ್ತೆ ಅಂಗಡಿಗೆ ಹೋದರೆ ಪಿಎಚ್ ಇಳಿಸುವ ಬಾಟಲಿಯೊಂದು ಸಿಗುತ್ತದೆ. ಈ ರೂಢಿ ನಿಲ್ಲಬೇಕು.

ಹೊಸ ತೊಟ್ಟಿಯಲ್ಲಿ ಮೀನಿನ ಹಿಕ್ಕೆ, ಉಳಿದ ಆಹಾರ, ಕೊಳೆತ ಎಲೆ ಎಲ್ಲವೂ ಅಮೋನಿಯಾ ಆಗುತ್ತವೆ. ಗಿಡಕ್ಕೆಂದು ಹಾಸುವ ಪೋಷಕಾಂಶದ ಮಣ್ಣೂ ಮೊದಲ ವಾರಗಳಲ್ಲಿ ಅಮೋನಿಯಾ ಬಿಡುವುದುಂಟು. ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಮೋನಿಯಾದ ವಿಷ ಪಿಎಚ್ ಜೊತೆಗೇ ಏರುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಭಾಗ ಶೇ 1ಕ್ಕಿಂತ ಕಡಿಮೆ; ಪಿಎಚ್ 8 ಆದರೆ ಶೇ 5ಕ್ಕೂ ಹೆಚ್ಚು.

ಹಾಗಾದರೆ ಪಿಎಚ್ ಇಳಿಸುವುದೇ ಸರಿಯಲ್ಲವೇ? ಅಲ್ಲ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಹಾಕಿದ ಆಮ್ಲವನ್ನು ನುಂಗಿ ಪಿಎಚ್ ಅನ್ನು ಮತ್ತೆ ಮೇಲಕ್ಕೆ ತರುತ್ತದೆ. ಈ ಏರಿಳಿತವೇ ಮೀನಿಗೆ ಹಿಂಸೆ.

ಇನ್ನು ಕೆಲವರು ಆರ್‌ಒ ನೀರನ್ನೇ ತುಂಬುತ್ತಾರೆ. ಅಲ್ಲಿ ತೊಂದರೆ ತಿರುಗುಮುರುಗು. ಬ್ಯಾಕ್ಟೀರಿಯಾ 1 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಬದಲಿಸಲು ನೀರಿನ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆಯನ್ನು ಬಳಸಿಬಿಡುತ್ತವೆ. ಆರ್‌ಒ ನೀರಿನಲ್ಲಿ ಅದು ಇಲ್ಲದಿರುವಷ್ಟು ಕಡಿಮೆ. ಪಿಎಚ್ ಕುಸಿದು ಅವುಗಳ ಕೆಲಸವೇ ನಿಂತೀತು.

ಪರಿಹಾರ ಇರುವುದು ಮನೆಯ ನಲ್ಲಿಯಲ್ಲಿ. ಬೆಂಗಳೂರಿನ ಒಂದೇ ಬೀದಿಯಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಕೊಳವೆಬಾವಿ. ಎರಡೂ ನೀರಿಗೆ ಒಂದೇ ಗುಣ ಇರಬೇಕೆಂದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ. ಮನುಷ್ಯನಿಗೆ ನಡೆಯುವ ಈ ಅಂತರ ಗಿಡಕ್ಕೆ ನಡೆಯದು.

ದಕ್ಷಿಣ ಭಾರತದ್ದೇ ಆದ ಕೆಂಪೆಲೆಯ ರೋಟಾಲಾ ಮ್ಯಾಕ್ರಾಂಡ್ರಾ ಮೆದು ನೀರು, ಒಳ್ಳೆಯ ಬೆಳಕು, ಇಂಗಾಲದ ಡೈಆಕ್ಸೈಡ್ ಕೇಳುತ್ತದೆ. ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ ಬೈಕಾರ್ಬನೇಟಿನಿಂದಲೇ ಇಂಗಾಲ ಪಡೆಯಬಲ್ಲವು. ಕೊಳವೆಬಾವಿ ನೀರಿಗೆ ಇವೇ ಲೇಸು. 1850ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು, ಬಸವನಹುಳು, ಗಿಡ ಒಟ್ಟಿಗೆ ಬಾಳುವ ತೊಟ್ಟಿಯನ್ನು ಕಟ್ಟಿ ತೋರಿಸಿದಾಗ ನೆಟ್ಟದ್ದು ವ್ಯಾಲಿಸ್ನೇರಿಯಾವನ್ನೇ.

ದುಬಾರಿ ಉಪಕರಣಗಳೇನೂ ಬೇಕಿಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಬೇಗ ಬೆಳೆಯುವ ಗಿಡಗಳನ್ನು ಮೊದಲ ದಿನವೇ ದಟ್ಟವಾಗಿ ನೆಟ್ಟರೆ ಅವೇ ಅಮೋನಿಯಾವನ್ನು ಹೀರುತ್ತವೆ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಅಲ್ಲೇ ನಿಂತ ಮೇಲೆ ಒಂದೆರಡು ಮೀನು ಬಿಡಬಹುದು.

ಇದನ್ನು ಹೇಳಬೇಕಾದವನು ಮಾರುವವನೇ. ಗಿರಾಕಿ ಬಾಟಲಿಯಲ್ಲಿ ತಂದ ಮನೆಯ ನೀರಿನ ಗಡಸುತನ, ಪಿಎಚ್ ನೋಡಿ ಅದಕ್ಕೆ ಹೊಂದುವ ಗಿಡ ಕೊಟ್ಟು, ಮೀನಿಗೆ ತಿಂಗಳ ನಂತರ ಬನ್ನಿ ಎನ್ನುವ ಅಂಗಡಿಗೆ ಅಂದಿನ ವ್ಯಾಪಾರ ಕಡಿಮೆಯಾದೀತು. ಆದರೆ ಮೀನು ಸತ್ತು ಬೇಸತ್ತ ಗಿರಾಕಿ ತೊಟ್ಟಿಯನ್ನು ಅಟ್ಟಕ್ಕೆ ಏರಿಸಿದ ಮೇಲೆ ಆ ಅಂಗಡಿಯ ಕಡೆ ಬರುವುದೇ ಇಲ್ಲ.