ಅರ್ಜಿದಾರನಾದ ಕಾವಲುಗಾರ

1930ನೆಯ ಇಸವಿಯ ಎಪ್ರಿಲ್ 13ನೆಯ ತಾರೀಖಿಗೆ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯದೆಯನ್ನು ಮುರಿಯಲಾಯಿತು. ಜನರು ಬೇಡುತ್ತಿದ್ದುದೇನು, ಅದಕ್ಕಾಗಿ ತೆರಲು ಸಿದ್ಧರಿದ್ದ ಬೆಲೆಯೇನು ಎಂಬುದೆಲ್ಲವೂ ಬಯಲಿನಲ್ಲಿದ್ದವು. ತೊಂಬತ್ತು ವರುಷಗಳ ತರುವಾಯ, 2020ರ ಜನವರಿಯಲ್ಲಿ ಕಾರವಾರದ ಬಂದರದ ವಿಸ್ತಾರವನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದಾಗಲೂ ಹಾಗೆಯೇ ಆಯಿತು. ಬಡವರ ಅಹವಾಲು ಯಾವಾಗಲೂ ಬಯಲಿನಲ್ಲಿಯೇ ನಡೆಯುವದು. ಏಕೆಂದರೆ ಅವರಿಗೆ ಒಳಕೋಣೆಯ ಪ್ರವೇಶವಿಲ್ಲ. ಆ ಬಯಲಿನ ಸುದ್ದಿಯನ್ನು ನಾಡಿಗೆ ಮುಟ್ಟಿಸುವ ಕಾರ್ಯವು ವೃತ್ತಪತ್ರಗಳದು. ಇತರರ ಬೇಡಿಕೆಗಳನ್ನು ಹೀಗೆ ಬಯಲಿಗಿಡುವ ವೃತ್ತಪತ್ರಗಳ ಒಡೆಯರು ತಮ್ಮ ಬೇಡಿಕೆಯನ್ನು ಸರಕಾರದ ಬಾಗಿಲಿಗೆ ಒಯ್ದಾಗ, ಆ ಸುದ್ದಿಯನ್ನು ಜನರಿಗೆ ಮುಟ್ಟಿಸುವವರು ಯಾರು?

ಒಡೆಯರಿಗೆ ತಮ್ಮದೊಂದು ಸಂಘವುಂಟು. 1939ರಲ್ಲಿ ಸ್ಥಾಪಿತವಾಗಿ, ಈಗ ಇಂಡಿಯನ್ ನ್ಯೂಸ್‌ಪೇಪರ್ ಸೊಸಾಯಿಟಿ ಎಂಬ ಹೆಸರಿನಿಂದ ನಡೆದಿರುವ ಈ ಸಂಸ್ಥೆಯ ಕಟ್ಟಡವು ದಿಲ್ಲಿಯ ರಫಿ ಮಾರ್ಗದಲ್ಲಿ, ಸಂಸದ್ಭವನಕ್ಕೆ ಕೂಗಳತೆಯಲ್ಲಿ ನಿಂತಿದೆ. ಸಂಘ ಕಟ್ಟುವದು ತಪ್ಪಲ್ಲ. ಅರ್ಜಿ ಕೊಡುವದೂ ತಪ್ಪಲ್ಲ. ರಾಜ್ಯಘಟನೆಯ 19ನೆಯ ಕಲಮು ಸಂಘ ಕಟ್ಟುವ ಹಕ್ಕನ್ನು ಮೀನುಗಾರನಿಗೂ ಪತ್ರಿಕೆಯ ಒಡೆಯನಿಗೂ ಸಮನಾಗಿ ಕೊಟ್ಟಿದೆ. ಆ ಸಂಘವು ಬೇಡಿದ್ದೇನು, ಪಡೆದದ್ದೇನು ಎಂಬುದನ್ನು ಮಾತ್ರ ನೋಡತಕ್ಕದ್ದು.

2019ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಪರದೇಶದಿಂದ ಬರುವ ಪತ್ರಿಕಾ ಕಾಗದದ ಮೇಲೆ ಶೇಕಡಾ 10ರ ಸುಂಕವನ್ನು ಹೇರಲಾಯಿತು. ಸಂಘವು ಅದನ್ನು ವಿರೋಧಿಸಿತು. 2020ರ ಫೆಬ್ರುವರಿಯಲ್ಲಿ ಸುಂಕವು ಶೇಕಡಾ 5ಕ್ಕೆ ಇಳಿಯಿತು. ಅದೇ ವರುಷದ ಎಪ್ರಿಲ್ ತಿಂಗಳಲ್ಲಿ, ಮಹಾಮಾರಿಯು ಹಬ್ಬಿದ್ದ ಕಾಲಕ್ಕೆ, ಸಂಘವು ಉಳಿದ ಸುಂಕವನ್ನೂ ತೆಗೆಯಬೇಕೆಂದೂ ಸರಕಾರಿ ಜಾಹೀರಾತಿನ ದರವನ್ನು ಶೇಕಡಾ 50ರಷ್ಟು ಏರಿಸಬೇಕೆಂದೂ ಕೇಳಿಕೊಂಡಿತು. ಎರಡು ವರುಷ ಸರಕಾರಿ ಜಾಹೀರಾತನ್ನು ನಿಲ್ಲಿಸಿರೆಂದು ಶ್ರೀಮತಿ ಸೋನಿಯಾ ಗಾಂಧಿಯವರು ಆ ತಿಂಗಳಲ್ಲಿಯೇ ಪ್ರಧಾನಿಗೆ ಬರೆದಾಗ, ಆ ಸೂಚನೆಯನ್ನು ಹಿಂತೆಗೆದುಕೊಳ್ಳಬೇಕೆಂದು ಸಂಘವು ಒತ್ತಾಯಪಡಿಸಿತು. 2019ರ ಜನವರಿಯಲ್ಲಿ, ಲೋಕಸಭೆಯ ಚುನಾವಣೆಯ ಮುನ್ನ, ಕೇಂದ್ರ ಸರಕಾರದ ಜಾಹೀರಾತಿನ ದರವು ಶೇಕಡಾ 25ರಷ್ಟು ಏರಿತ್ತು. 2025ರ ನವೆಂಬರದಲ್ಲಿ ಅದು ಮತ್ತೆ ಶೇಕಡಾ 26ರಷ್ಟು ಏರಿತು.

ಈ ಬೇಡಿಕೆಗಳೆಲ್ಲ ಅನ್ಯಾಯದವೆಂದು ಯಾರೂ ಹೇಳಲಾರರು. ಕಾಗದದ ಬೆಲೆ ಏರಿದರೆ ಕಾರವಾರದ ಸಣ್ಣ ಪತ್ರಿಕೆಯೂ ಬಳಲುವದು. ಆದರೆ ಜಾಹೀರಾತಿನ ದರವು ಪ್ರಸಾರದ ಪ್ರತಿಗಳ ಲೆಕ್ಕದಿಂದ ಗೊತ್ತಾಗತಕ್ಕದ್ದು. ಲಕ್ಷಗಟ್ಟಲೆ ಪ್ರತಿ ಮಾರುವವನಿಗೆ ಹೊಳೆಯಷ್ಟು ನೀರು ಹರಿದಾಗ, ಒಂದು ತಾಲೂಕಿನ ವಾರಪತ್ರಿಕೆಗೆ ಬೊಗಸೆಯಷ್ಟೇ ದೊರೆಯುವದು. ಇನ್ನು ಪತ್ರಿಕೆಯಲ್ಲಿ ದುಡಿಯುವವರ ಮಾತು. 2011ರಲ್ಲಿ ಮಜಿಠಿಯಾ ವೇತನ ಮಂಡಳಿಯ ಶಿಫಾರಸುಗಳಿಗೆ ಸರಕಾರದ ಒಪ್ಪಿಗೆ ದೊರೆತಾಗ ಅವನ್ನು ವಿರೋಧಿಸಿದವರು ಇದೇ ಒಡೆಯರು. ಪತ್ರಿಕಾ ಕಂಪನಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವು. 2014ರ ಫೆಬ್ರುವರಿ 7ರಂದು ಸೋತವು. ಅಂದಮೇಲೆ ಒಡೆಯರ ಹಿತವೇ ಪತ್ರಿಕೆಯ ಹಿತ, ಪತ್ರಿಕೆಯ ಹಿತವೇ ನಾಡಿನ ಹಿತ ಎಂಬ ಸೂತ್ರವನ್ನು ಪರೀಕ್ಷಿಸದೆ ಒಪ್ಪಲಾಗದು.

ಪರೀಕ್ಷಿಸುವದಕ್ಕೆ ಬೇಕಾದುದು ಬೆಳಕು. ನ್ಯಾಯಾಲಯದಲ್ಲಿ ಆ ಬೆಳಕುಂಟು. 1956ರಲ್ಲಿ, ಸಣ್ಣ ಪತ್ರಿಕೆಗಳನ್ನು ದೊಡ್ಡವುಗಳ ಪೈಪೋಟಿಯಿಂದ ಕಾಯುವ ನೆವದಿಂದ, ಪುಟಗಳಿಗೆ ತಕ್ಕಂತೆ ಬೆಲೆಯನ್ನು ಕಟ್ಟುವ ಕಾಯದೆಯೊಂದು ಹುಟ್ಟಿತು. ಪುಣೆಯ 'ಸಕಾಳ' ಪತ್ರಿಕೆಯು ಅದರ ವಿರುದ್ಧ ದಾವೆ ಹೂಡಿ 1961ರಲ್ಲಿ ಗೆದ್ದಿತು. ಗೆದ್ದುದು ಸರಿಯೋ ತಪ್ಪೋ, ಎರಡೂ ಪಕ್ಷದ ವಾದಗಳು ಇಂದಿಗೂ ತೀರ್ಪಿನಲ್ಲಿ ಓದಸಿಗುವವು. ಮಂತ್ರಿಗಳ ಕೋಣೆಯಲ್ಲಿ ನಡೆದ ಮಾತಿಗೆ ಇಂಥ ತೀರ್ಪಿಲ್ಲ, ಕಡತವಿಲ್ಲ, ಲೆಕ್ಕವಿಲ್ಲ. ಸಂಘವು ತನ್ನ ಕೆಲವು ಬೇಡಿಕೆಗಳನ್ನು ಪ್ರಕಟಿಸುವದು ನಿಜ. ಆದರೆ ಅವುಗಳ ಸಲುವಾಗಿ ಯಾರನ್ನು ಎಷ್ಟು ಸಲ ಕಂಡಿತು, ಎಷ್ಟು ದ್ರವ್ಯವನ್ನು ವೆಚ್ಚ ಮಾಡಿತು ಎಂಬುದನ್ನು ಹೇಳಬೇಕೆಂಬ ಕಾಯದೆಯು ಈ ದೇಶದಲ್ಲಿಲ್ಲ.

ಅಮೇರಿಕೆಯಲ್ಲಿ ಅಂಥ ಕಾಯದೆಯುಂಟು. 1995ರ ಶಾಸನದ ಮೇರೆಗೆ, ಫೆಡರಲ್ ಸರಕಾರದ ಮೇಲೆ ಪ್ರಭಾವ ಬೀರಲು ಹಣ ಕೊಟ್ಟು ಜನರನ್ನು ನೇಮಿಸಿಕೊಳ್ಳುವವರು ವೆಚ್ಚದ ಲೆಕ್ಕವನ್ನೂ ವಿಷಯವನ್ನೂ ಬರೆದುಕೊಡಬೇಕು. 2007ರ ತಿದ್ದುಪಡಿಯ ತರುವಾಯ ಪ್ರತಿ ಮೂರು ತಿಂಗಳಿಗೊಮ್ಮೆ ಕೊಡಬೇಕು. 1922ರಲ್ಲಿ ಹುಟ್ಟಿದ ಚಲಚ್ಚಿತ್ರ ನಿರ್ಮಾಪಕರ ಸಂಘಕ್ಕೂ 1923ರಲ್ಲಿ ಹುಟ್ಟಿದ ಪ್ರಸಾರಕರ ಸಂಘಕ್ಕೂ ಇದರಿಂದ ವಿನಾಯಿತಿಯಿಲ್ಲ. ಅಲ್ಲಿ ಪ್ರಭಾವವು ನಿಂತಿಲ್ಲ. ಹಣದ ಹೊಳೆಯೂ ಬತ್ತಿಲ್ಲ. ಆದರೆ ಹೊಳೆಯ ದಡದಲ್ಲಿ ಅಳತೆಯ ಕಂಬವೊಂದಿದೆ.

ಭಾರತಕ್ಕೆ ಆ ಕಂಬದ ಬೆಲೆಯು 2012ರಲ್ಲಿ ತಿಳಿಯಿತು. ವಾಲ್‌ಮಾರ್ಟ್ ಕಂಪನಿಯು ಅಮೇರಿಕೆಯಲ್ಲಿ ಒಪ್ಪಿಸಿದ ಲೆಕ್ಕದಲ್ಲಿ ಭಾರತದ ಮಾರುಕಟ್ಟೆಯ ಪ್ರವೇಶವೂ ಒಂದು ವಿಷಯವೆಂದು ಬರೆದಿತ್ತು. ಸಂಸತ್ತಿನಲ್ಲಿ ಕೋಲಾಹಲವೆದ್ದಿತು, 2013ರ ಜನವರಿಯಲ್ಲಿ ನ್ಯಾಯಮೂರ್ತಿ ಮುಕುಲ ಮುದ್ಗಲರ ವಿಚಾರಣೆಯು ನೇಮಕವಾಯಿತು. ನಮ್ಮ ಮನೆಯ ವ್ಯವಹಾರವು ನೆರೆಮನೆಯ ಖಾತೆಪುಸ್ತಕದಿಂದ ನಮಗೆ ತಿಳಿದುಬಂದಿತು! ಅದೇ ವರುಷ ಲೋಕಸಭೆಯಲ್ಲಿ ಇಂಥ ಪ್ರಭಾವಕಾರ್ಯವನ್ನು ಬಹಿರಂಗಪಡಿಸುವ ಖಾಸಗಿ ವಿಧೇಯಕವೊಂದು ಮಂಡಿತವಾಯಿತು, ಕಾಯದೆಯಾಗಲಿಲ್ಲ. ಇತರ ಉದ್ಯಮಗಳ ಗುಟ್ಟನ್ನು ಒಂದಿಲ್ಲೊಂದು ದಿನ ಪತ್ರಿಕೆಯು ಹೊರಗೆಡವೀತು. ಪತ್ರಿಕೋದ್ಯಮದ ಗುಟ್ಟನ್ನು ಹೊರಗೆಡಹಲು ಇನ್ನೊಂದು ಪತ್ರಿಕೆಯೇ ಬೇಕು. ಅದರ ಒಡೆಯನೂ ಅದೇ ಸಂಘದ ಸದಸ್ಯನಾಗಿರಬಹುದು. ಆದುದರಿಂದಲೇ ಈ ಉದ್ಯಮಕ್ಕೆ ಕಾಯದೆಯ ಅವಶ್ಯಕತೆಯು ಉಳಿದವುಗಳಿಗಿಂತ ಹೆಚ್ಚಿನದು.

ಇಂಥ ಕಾಯದೆಯು ಪತ್ರಿಕೆಗಳನ್ನು ಹೆದರಿಸಲು ಸರಕಾರದ ಕೈಗೆ ಕೊಟ್ಟ ಕೋಲಾಗುವದೆಂದು ಕೆಲವರು ಶಂಕಿಸುವರು. ಶಂಕೆಯು ಹುರುಳಿಲ್ಲದುದಲ್ಲ. ಆದರೆ ಕೋಲು ಈಗಲೇ ಸರಕಾರದ ಕೈಯಲ್ಲಿದೆ. ಜಾಹೀರಾತು ಕೊಡುವವನೂ ನಿಲ್ಲಿಸುವವನೂ ಅವನೇ. ಸುಂಕ ಏರಿಸುವವನೂ ಇಳಿಸುವವನೂ ಅವನೇ. ಯಾರು ಏನನ್ನು ಬೇಡಿದರೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವದು ವಾಚಕನಿಗೆ ಮಾತ್ರ. ಗುಟ್ಟಿನಲ್ಲಿ ಬೇಡಿದ ಬಾಯನ್ನು ಗುಟ್ಟಿನಲ್ಲಿಯೇ ಮುಚ್ಚಿಸಬಹುದು. ಬಯಲಿನಲ್ಲಿ ಬೇಡಿದವನಿಗೆ ಆ ಭಯವಿಲ್ಲ. ದಾಖಲೆಯ ಪುಸ್ತಕವು ಮಂತ್ರಿಗಳ ಬಳಿಯಲ್ಲಿರದೆ ಸಂಸತ್ತಿನ ಬಳಿಯಲ್ಲಿರಲಿ. ಬೇಡಿದವರ ಹೆಸರಿನ ಎದುರಿಗೆ ಅವರನ್ನು ಕಂಡ ಅಧಿಕಾರಿಯ ಹೆಸರೂ ಇರಲಿ.

ಕಾಯದೆ ಬರುವವರೆಗೂ ಪತ್ರಿಕೆಗಳು ಸುಮ್ಮನಿರಬೇಕಾದ ಕಾರಣವಿಲ್ಲ. ವರುಷಕ್ಕೊಮ್ಮೆ ತನ್ನ ಒಡೆತನದ ವಿವರವನ್ನು ಪ್ರಕಟಿಸುವ ನಿಯಮವನ್ನು ಪ್ರತಿಯೊಂದು ಪತ್ರಿಕೆಯೂ ಬಹುಕಾಲದಿಂದ ಪಾಲಿಸುತ್ತ ಬಂದಿದೆ. ಅದೇ ಪುಟದಲ್ಲಿ ಇನ್ನು ಮೂರು ಸಾಲುಗಳು ಸೇರಲಿ: ಸರಕಾರದಿಂದ ಈ ವರುಷ ಬಂದ ಜಾಹೀರಾತಿನ ಹಣವೆಷ್ಟು, ತನ್ನ ಸಂಘವು ಸರಕಾರಕ್ಕೆ ಮಾಡಿಕೊಂಡ ಬೇಡಿಕೆಗಳಾವವು, ಅದಕ್ಕಾಗಿ ಆದ ವೆಚ್ಚವೆಷ್ಟು. ಮೂರು ಸಾಲಿಗೆ ತಗಲುವ ಕಾಗದವು ಎಷ್ಟೇ ಸುಂಕ ಏರಿದರೂ ದುಬಾರಿಯಾಗದು.

ಮುಂಜಾನೆ ಪತ್ರಿಕೆಯನ್ನು ಕೊಳ್ಳುವ ಕಾರವಾರ ಅಂಕೋಲೆಗಳ ಗೃಹಸ್ಥನು ಅದನ್ನು ಸರಕಾರದ ಮೇಲಿನ ಕಾವಲುಗಾರನೆಂದು ನಂಬಿ ಹಣ ಕೊಡುವನು. ಕಾವಲುಗಾರನು ಒಡೆಯನ ಮನೆಯ ಹಿಂಬಾಗಿಲಿನಲ್ಲಿ ಕೈಯೊಡ್ಡುವ ಪ್ರಸಂಗ ಬಂದರೆ ಬರಲಿ. ಆದರೆ ಆ ಸುದ್ದಿಯನ್ನು ತಾನೇ ಬಂದು ಹೇಳಲಿ. ಹೇಳಲೊಲ್ಲದ ಕಾವಲುಗಾರನ ಕೂಗನ್ನು ಊರು ಎಷ್ಟು ಕಾಲ ನಂಬೀತು?