ಹೆಸರು ಮುಚ್ಚಿ ಮಾರಿದ ವಿಷ

ಪೆಟ್ರೋಲಿಗೆ ಸೀಸ ಬೆರೆಸಿದವರಿಗೆ ಅದು ವಿಷವೆಂದು ತಿಳಿದಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಇದು ಶುದ್ಧ ಸುಳ್ಳು. ತಿಳಿದೇ ಮಾರಿದರು, ಲಾಭಕ್ಕಾಗಿ ಮಾರಿದರು ಎಂದು ನಾವು ಹೇಳುತ್ತೇವೆ.

1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಜ್ಲಿ ಎಂಬಾತನು, ಸೀಸದಿಂದಾದ ಟೆಟ್ರಾಈಥೈಲ್ ಲೆಡ್ ದ್ರವ ಬೆರೆಸಿದರೆ ಎಂಜಿನ್ನಿನ ಬಡಿತ ಅಡಗುವುದೆಂದು ಕಂಡುಹಿಡಿದನು. ಮದ್ಯಸಾರ ಬೆರೆಸಿದರೂ ಬಡಿತ ಅಡಗುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ಬಟ್ಟಿ ಇಳಿಸಬಹುದು. ಸೀಸದ ದ್ರವಕ್ಕೋ ಪೇಟೆಂಟ್ ಉಂಟು! ಧಣಿಗಳು ಯಾವುದನ್ನು ಆರಿಸಿದರೆಂದು ಬಿಡಿಸಿ ಹೇಳಬೇಕೆ? ಸರಕಿಗೆ 'ಈಥೈಲ್' ಎಂದು ನಾಮಕರಣ ಮಾಡಿದರು. ಸೀಸವೆಂಬ ಹೆಸರೇ ಮಾಯವಾಯಿತು.

ಮೊದಲು ಬಲಿಯಾದವರು ಕಾರ್ಮಿಕರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಾರ್ಖಾನೆಯಲ್ಲಿ ಈ ದ್ರವ ತಯಾರಿಸುತ್ತಿದ್ದ 5 ಮಂದಿ ಚಿತ್ತಭ್ರಮೆಗೊಂಡು ಸತ್ತರು. 30ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅತಿಯಾಗಿ ದುಡಿದು ಹುಚ್ಚು ಹಿಡಿದಿರಬೇಕೆಂದು ಕಂಪನಿಯ ಕಡೆಯವರು ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಿಜ್ಲಿ ಪತ್ರಕರ್ತರೆದುರು ಅದೇ ದ್ರವದಲ್ಲಿ ಕೈ ತೊಳೆದು ತೋರಿಸಿದನು. ಹಿಂದಿನ ವರ್ಷವಷ್ಟೇ ಆತ ಸೀಸದ ವಿಷವೇರಿ ವಿಶ್ರಾಂತಿಗೆ ಹೋಗಿದ್ದನು.

1925ರಲ್ಲಿ ಸರ್ಕಾರ ಕರೆದ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಚ್ಚರಿಸಿದರು. ಅಪಾಯವನ್ನು ನೀವೇ ರುಜುವಾತು ಮಾಡಿರಿ ಎಂಬುದು ಕಂಪನಿಗಳ ಪಟ್ಟು. 1926ರಲ್ಲಿ ಮಾರಾಟ ಮತ್ತೆ ಶುರುವಾಯಿತು.

ಹೊಗೆಯಲ್ಲಿ ಹೊರಬಿದ್ದ ಸೀಸ ಮೂಳೆಯಲ್ಲಿ ಕೂರುತ್ತದೆ, ಮಕ್ಕಳ ಬುದ್ಧಿಯನ್ನು ಕುಂದಿಸುತ್ತದೆ, ದೊಡ್ಡವರ ರಕ್ತದೊತ್ತಡ ಏರಿಸುತ್ತದೆ. ಕಾರು ಓಡಿಸಿದವನು ಮುಂದೆ ಹೋದ. ಹೊಗೆ ಕುಡಿದವನು ರಸ್ತೆಬದಿಯಲ್ಲಿ ಅಂಗಡಿಯಿಟ್ಟು ಕುಳಿತವನು. ನಮ್ಮ ದೇಶದಲ್ಲಿ ಇದು ನಿಂತದ್ದು 2000ದಲ್ಲಿ. ಇಂಡೊನೇಷ್ಯಾದಲ್ಲಿ ಮಾರಾಟ ನಿಲ್ಲದಿರಲೆಂದು ಅಧಿಕಾರಿಗಳಿಗೆ ಲಂಚ ಕೊಟ್ಟದ್ದಾಗಿ ಬ್ರಿಟನ್ನಿನ ಇನ್ನೊಸ್ಪೆಕ್ ಕಂಪನಿ 2010ರಲ್ಲಿ ನ್ಯಾಯಾಲಯದೆದುರು ಒಪ್ಪಿಕೊಂಡಿತು. ಕೊನೆಗೆ ಅಲ್ಜೀರಿಯಾದ ಪಂಪುಗಳಲ್ಲಿ 2021ರಲ್ಲಿ ನಿಂತಿತು. ಲೆಕ್ಕ ಹಾಕಿರಿ: ಒಂದು ಪೇಟೆಂಟಿನ ಲಾಭಕ್ಕೆ ನೂರು ವರ್ಷದ ವಿಷ!

ಇದು ಹಳೆಯ ಕಥೆಯಲ್ಲ, ಬಂಧುಗಳೇ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಬಡವನ ರಕ್ತಕ್ಕೆ ಈ ಹೊತ್ತಿಗೂ ಅದೇ ಸೀಸ ಸೇರುತ್ತಿದೆ. ಗಿರಣಿಗೆ ಬರುವ ಪ್ರತಿ ಡ್ರಮ್ಮಿನ ಮೇಲೂ ಒಳಗಿರುವ ವಸ್ತುವಿನ ಹೆಸರು, ಅದರ ಅಪಾಯ ಕನ್ನಡದಲ್ಲಿ ಬರೆದಿರಬೇಕೆಂದು ಸಂಘದ ಸಭೆಯಲ್ಲಿ ಠರಾವು ಮಾಡಿರಿ. ನಿರಪಾಯವೆಂಬುದನ್ನು ಮಾರುವವನೇ ರುಜುವಾತು ಮಾಡಲಿ. ನಾವು ಸತ್ತು ರುಜುವಾತು ಒದಗಿಸಿದ್ದು ಸಾಕು.