ಮನೆವಾರ್ತೆ: ಗಾಡಿ ಎಷ್ಟು ಕೊಡುತ್ತದೆ?

ನಮ್ಮ ಸಂಘದ ಯಾವ ಸಮಾರಂಭವೇ ಆಗಲಿ, ಊಟದ ಪಂಕ್ತಿ ಎದ್ದು ಗಂಡಸರು ಕೈತೊಳೆದುಕೊಂಡು ಗುಂಪುಗೂಡಿದರೆಂದರೆ ಮಾತು ಮೂರು ವಿಷಯಗಳ ಮೇಲೆ ಹೊರಳುತ್ತದೆ: ಮಕ್ಕಳ ಓದು, ಊರಿನ ಹೊಲಮನೆಯ ವ್ಯಾಜ್ಯ, ಕಾರಿನ ಮೈಲೇಜು. ಮೊದಲಿನ ಎರಡರಲ್ಲಿ ಜನ ಅಷ್ಟಿಷ್ಟಾದರೂ ಸತ್ಯ ಹೇಳುತ್ತಾರೆ. ಮೂರನೆಯದಕ್ಕೆ ಬಂದಾಗ ಮಾತ್ರ ಹರಿಶ್ಚಂದ್ರನೂ ಎರಡು ಕಿಲೋಮೀಟರು ಸೇರಿಸಿಯೇ ಹೇಳಿಯಾನು. "ನಮ್ಮದು ಇಪ್ಪತ್ತೆರಡು ಕೊಡುತ್ತದೆ" ಎಂದು ಒಬ್ಬರು, "ಹೈವೇದಲ್ಲಿ ಇಪ್ಪತ್ತೈದಕ್ಕೆ ಕಡಿಮೆಯಿಲ್ಲ" ಎಂದು ಇನ್ನೊಬ್ಬರು. ಯಾವಾಗ ಅಳೆದಿರಿ, ಹೇಗೆ ಅಳೆದಿರಿ ಎಂದು ಕೇಳಿನೋಡಿ. ಇಬ್ಬರೂ ಎಲೆ ಅಡಿಕೆಯ ತಟ್ಟೆ ಹುಡುಕತೊಡಗುತ್ತಾರೆ.

ಇದೇನು ಬರಿಯ ಗಂಡಸರ ಹರಟೆ ಎಂದು ಸೋದರಿಯರು ಪುಟ ತಿರುವಬಾರದು. ವಿಷಯ ಮನೆಯ ಹಣಕ್ಕೆ ಸಂಬಂಧಿಸಿದ್ದು. ನಮ್ಮಂಥ ಸಣ್ಣ ಕಾರಿನ ಸಂಸಾರಗಳು ವರ್ಷಕ್ಕೆ 10,000 ಕಿಲೋಮೀಟರು ಓಡುತ್ತವೆಂದು ಹಿಡಿಯೋಣ. ಕಚೇರಿ, ಸಂತೆ, ಮದುವೆ ಮುಂಜಿ, ವರ್ಷಕ್ಕೆರಡು ಸಲ ಊರು. ಗಾಡಿ ಲೀಟರಿಗೆ 18 ಕೊಟ್ಟರೆ 556 ಲೀಟರು ಬೇಕು. 15 ಕೊಟ್ಟರೆ 667. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೂ ವ್ಯತ್ಯಾಸ 11,000 ರೂಪಾಯಿಯ ಮೇಲಾಯಿತು. ತರಕಾರಿಯವನ ಹತ್ತಿರ ಐದು ರೂಪಾಯಿಗೆ ಚೌಕಾಶಿ ಮಾಡುವ ನಾವು ಇದನ್ನು ಬಾಯಿಮಾತಿಗೆ ಬಿಟ್ಟಿದ್ದೇವೆ.

ಕಾರು ಕೊಳ್ಳುವಾಗ ಜಾಹೀರಾತಿನಲ್ಲಿ ಒಂದು ಅಂಕಿ ಇರುತ್ತದಲ್ಲ, ಅದು ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. ಅದರ ತವರು ದೂರವೇನಿಲ್ಲ, ನಮ್ಮ ಪುಣೆಯೇ. ಕೋಥ್ರೂಡದ ಬಳಿಯ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಎ.ಆರ್.ಎ.ಐ. ಎಂಬ ವಾಹನ ಸಂಶೋಧನ ಸಂಸ್ಥೆ ಇದೆ. ಬೆಳಗ್ಗೆ ಗುಡ್ಡಕ್ಕೆ ವಾಯುವಿಹಾರಕ್ಕೆ ಹೋಗುವವರು ಅದರ ಬೇಲಿಯನ್ನು ದಿನವೂ ನೋಡುತ್ತಾರೆ. ಈ ಪರೀಕ್ಷೆಯಲ್ಲಿ ಕಾರು ರಸ್ತೆಯನ್ನೇ ಕಾಣುವುದಿಲ್ಲ. ಕೋಣೆಯೊಳಗೆ ದೊಡ್ಡ ಉರುಳೆಗಳ ಮೇಲೆ ಚಕ್ರಗಳನ್ನಿರಿಸಿ ಗೊತ್ತುಪಡಿಸಿದ ಕ್ರಮದಲ್ಲಿ ಓಡಿಸುತ್ತಾರೆ. ಒಟ್ಟು 1,180 ಸೆಕೆಂಡು, ಎಂದರೆ ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಕಡಿಮೆ. ದೂರ ಸುಮಾರು ಹನ್ನೊಂದು ಕಿಲೋಮೀಟರು. ಅತಿ ಹೆಚ್ಚಿನ ವೇಗ ಗಂಟೆಗೆ 90. ಪೆಟ್ರೋಲನ್ನು ಚೊಂಬಿನಲ್ಲಿ ಅಳೆಯುವುದೂ ಇಲ್ಲ. ಹೊಗೆಯಲ್ಲಿ ಹೊರಬಿದ್ದ ಇಂಗಾಲವನ್ನು ಅಳೆದು, ಇಷ್ಟು ಇಂಗಾಲ ಬಂತೆಂದರೆ ಇಷ್ಟು ಪೆಟ್ರೋಲು ಉರಿಯಿತೆಂದು ಲೆಕ್ಕ ಕಟ್ಟುತ್ತಾರೆ. ಬಲು ಜಾಣ ಉಪಾಯ.

ಆದುದರಿಂದ ಆ ಅಂಕಿ ಸುಳ್ಳೆಂದು ಹೇಳುವುದು ಅನ್ಯಾಯ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆ. ಈ ಕಾರಿಗಿಂತ ಆ ಕಾರು ಮೇಲೋ ಅಲ್ಲವೋ ಎಂದು ಹೋಲಿಸಲು ಅದು ಬೇಕು. ಆದರೆ ಪರೀಕ್ಷೆಯ ಕೋಣೆಯಲ್ಲಿ ಸ್ವಾರಗೇಟಿನ ಸಂದಣಿ ಇಲ್ಲ, ವಾರ್ಜೆಯ ಏರು ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಮಂದಿ, ಡಿಕ್ಕಿಯಲ್ಲಿ ಊರಿನ ಜೋಳದ ಚೀಲ, ಏಪ್ರಿಲಿನ ಬಿಸಿಲಿಗೆ ಎ.ಸಿ., ಇವು ಯಾವುವೂ ಇಲ್ಲ. ನಮ್ಮ ಗಾಡಿ ನಮ್ಮ ರಸ್ತೆಯಲ್ಲಿ ನಮ್ಮ ಕಾಲಿನ ಕೆಳಗೆ ಎಷ್ಟು ಕೊಡುತ್ತದೆಂಬುದನ್ನು ನಾವೇ ಬರೆದಿಡಬೇಕು.

ಬೇಕಾದದ್ದು ನಾಲ್ಕಾಣೆಯ ವಿದ್ಯೆ, ಹತ್ತು ರೂಪಾಯಿಯ ನೋಟುಬುಕ್ಕು. ಬಂಕಿನಲ್ಲಿ ಟ್ಯಾಂಕು ತುಂಬಿಸಿ, ನಳಿಗೆ ತಾನಾಗಿ 'ಟಕ್' ಎಂದು ನಿಂತೊಡನೆ ನಿಲ್ಲಿಸಿ. 'ರೌಂಡ್ ಮಾಡಲೇ ಸಾಹೇಬರೆ' ಎಂದು ಹುಡುಗ ಕೇಳಿದರೆ ಬೇಡವೆನ್ನಿ. ಆಗ ಮೀಟರು ಎಷ್ಟಿದೆಯೋ ಬರೆದುಕೊಳ್ಳಿ. ಟ್ಯಾಂಕು ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ, ಸಾಧ್ಯವಾದರೆ ಅದೇ ಬಂಕಿನಲ್ಲಿ ಮತ್ತೆ 'ಟಕ್' ಎನ್ನುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ತುಂಬಿದ ಲೀಟರಿನಿಂದ ಭಾಗಿಸಿದರೆ ಮುಗಿಯಿತು. ಮುಕ್ಕಾಲು ಖಾಲಿಯಾಗಲಿ ಎಂದು ಏಕೆ ಹೇಳುತ್ತೇವೆಂದರೆ, ತುಂಬುವುದರಲ್ಲಿ ಅರ್ಧ ಲೀಟರಿನ ಹೆಚ್ಚುಕಡಿಮೆ ಆಗಿಯೇ ತೀರುತ್ತದೆ. ಐದು ಲೀಟರಿಗೆ ಅರ್ಧ ಲೀಟರೆಂದರೆ ನೂರಕ್ಕೆ ಹತ್ತರ ತಪ್ಪು; ಇಪ್ಪತ್ತೈದಕ್ಕೆ ಅರ್ಧವೆಂದರೆ ಎರಡರಷ್ಟು ಮಾತ್ರ. ಒಂದೇ ಸಲದ ಅಂಕಿಯನ್ನು ಹಿಡಿದು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಬಂಕಿನ ಅಳತೆಯ ಮೇಲೇ ಅನುಮಾನವಿದ್ದವರು ಮುದ್ರೆಯೊತ್ತಿದ ಐದು ಲೀಟರಿನ ಅಳತೆಪಾತ್ರೆ ತರಿಸಿ ತೋರಿಸಿರೆಂದು ಕೇಳಬಹುದು. ಅದು ಗಿರಾಕಿಯ ಹಕ್ಕು.

ಈಚಿನ ಗಾಡಿಗಳಲ್ಲಿ ಮುಂದಿನ ಫಲಕವೇ ಸರಾಸರಿಯನ್ನು ತೋರಿಸುತ್ತದಲ್ಲ, ನೋಟುಬುಕ್ಕು ಏಕೆ ಎಂದು ಯುವಕರು ಕೇಳುತ್ತಾರೆ. ನಮ್ಮ ಗಾಡಿಯ ಫಲಕ ಕಳೆದ ವರ್ಷವಿಡೀ ನೋಟುಬುಕ್ಕಿಗಿಂತ ಸುಮಾರು ಒಂದು ಕಿಲೋಮೀಟರು ಹೆಚ್ಚೇ ತೋರಿಸಿತು. ಅದು ಮುಖಸ್ತುತಿಯ ಜಾತಿ.

ಇನ್ನು ಸರಾಸರಿ ಕಟ್ಟುವಲ್ಲಿ ಎಂಜಿನಿಯರ್ ಆದವರೂ ಎಡವುವುದುಂಟು. 300 ಕಿಲೋಮೀಟರು ಹೈವೇದಲ್ಲಿ 20ರಂತೆ ಓಡಿತು, 300 ಊರೊಳಗೆ 12ರಂತೆ ಓಡಿತು; ಸರಾಸರಿ 16 ಅಲ್ಲವೆ? ಅಲ್ಲ. ಮೊದಲಿನದಕ್ಕೆ 15 ಲೀಟರು, ಎರಡನೆಯದಕ್ಕೆ 25. ಒಟ್ಟು 600 ಕಿಲೋಮೀಟರಿಗೆ 40 ಲೀಟರು, ಎಂದರೆ 15. ಯಾವಾಗಲೂ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು.

ನೋಟುಬುಕ್ಕಿನಿಂದ ಏನಾಗುತ್ತದೆಂಬುದಕ್ಕೆ ನಮ್ಮ ಸಂಘದ ಸದಸ್ಯರೊಬ್ಬರ ಮನೆಯ ಸಂಗತಿ ಹೇಳುತ್ತೇವೆ. ಅವರು ಹಾವೇರಿ ಕಡೆಯವರು, ಚಿಂಚವಾಡದಲ್ಲಿ ಇಪ್ಪತ್ತು ವರ್ಷದಿಂದ ವಾಸ. ಕಾರು ಏಳು ವರ್ಷದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬಂದು, "ಇದು ಪೆಟ್ರೋಲ್ ಕುಡಿಯೂದಲ್ರೀ, ನೆಕ್ಕಿ ಒಣಗಸ್ತದ. ಎಲ್ಲಾ ಆ ಇಥೆನಾಲ್ ಮಾಡಿದ ಕೆಲಸ. ದಸರಾ ಮುಗಿದ ಮ್ಯಾಲೆ ಮಾರಿಬಿಡ್ತೇನಿ" ಎಂದರು. ಅವರ ಮನೆಯವರು ಅಲ್ಲೇ ಕುಳಿತಿದ್ದರು. "ಮಾರಿದ್ರ ದೀಪಾವಳಿಗೆ ಅತ್ತಿಯವರನ್ನ ಯಾವುದ್ರಾಗ ಕರಕೊಂಡು ಬರ್ತೀರಿ?" ಎಂದಷ್ಟೇ ಕೇಳಿದರು. ಮೊಣಕಾಲು ನೋವಿನಿಂದ ಆ ತಾಯಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ರಾಯರು ಉತ್ತರ ಕೊಡಲಿಲ್ಲ.

ಇಥೆನಾಲಿನ ಮಾತು ತೆಗೆದುಹಾಕುವಂಥದಲ್ಲ. ನೂರಕ್ಕೆ ಇಪ್ಪತ್ತು ಪಾಲು ಇಥೆನಾಲು ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. 2030ಕ್ಕೆ ಮುಟ್ಟಬೇಕೆಂದಿದ್ದ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಇಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಕಡಿಮೆ. ಐದರಲ್ಲೊಂದು ಪಾಲು ಬೆರೆಸಿದರೆ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಸುಮಾರು ಏಳು ಕಡಿಮೆಯಾಗುತ್ತದೆ. ಹಳೆಯ ಮಾದರಿಯ ಕಾರುಗಳಿಗೆ ನೂರಕ್ಕೆ ಆರೇಳರ ನಷ್ಟವೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿತ್ತು. ಆದರೆ ರಾಯರ ದೂರು ಎಷ್ಟರದು? ಅದನ್ನು ತಿಳಿಯಲು ಹಿಂದಿನ ಲೆಕ್ಕ ಬೇಕಲ್ಲ!

ಲೆಕ್ಕ ಇತ್ತು. ರಾಯರ ಬಳಿ ಅಲ್ಲ, ಅವರ ಶ್ರೀಮತಿಯವರ ಬಳಿ. ಕಾರು ತಂದ ದಿನದಿಂದ ಹಾಲಿನ ಲೆಕ್ಕದ ಕೆಳಗೆ ಪೆಟ್ರೋಲಿನ ಲೀಟರು, ರೂಪಾಯಿ, ಮೀಟರು ಮೂರನ್ನೂ ಆಕೆ ಬರೆದಿಡುತ್ತಿದ್ದರು. ಫೋನಿನಲ್ಲಿ ಹಣ ಕೊಡುವ ರೂಢಿ ಬಂದ ಮೇಲೆ ನಿಂತಿತ್ತು. ಕೈಯಿಂದ ನೋಟು ಹೋಗದಿದ್ದರೆ ಬರೆಯಬೇಕೆಂದು ತೋಚುವುದಿಲ್ಲ, ನೋಡಿ. ಆ ಹಳೆಯ ವಹಿಯಿಂದ ಒಂದು ಪೂರ್ಣ ವರ್ಷದ ಲೆಕ್ಕ ತೆಗೆದೆವು: 8,160 ಕಿಲೋಮೀಟರಿಗೆ 480 ಲೀಟರು, ಲೀಟರಿಗೆ 17. ಹೊಸದಾಗಿ ಬರೆಯಲು ಹಚ್ಚಿದೆವು. ಮೊದಲ ತುಂಬು 286 ಕಿಲೋಮೀಟರಿಗೆ 22 ಲೀಟರು, ಎಂದರೆ 13. ಎರಡನೆಯದು 301ಕ್ಕೆ 22.8, ಎಂದರೆ 13.2. ರಾಯರು ಹೇಳಿದ್ದು ನಿಜವೇ. ಆದರೆ 17ರಲ್ಲಿ ನೂರಕ್ಕೆ ಏಳು ಕಳೆದರೆ 15.8 ಉಳಿಯಬೇಕು. ಉಳಿದ ಎರಡೂವರೆ ಕಿಲೋಮೀಟರನ್ನು ಇಥೆನಾಲಿನ ತಲೆಗೆ ಕಟ್ಟಲು ಬರುವುದಿಲ್ಲ; ಕಳ್ಳ ಮನೆಯೊಳಗೇ ಇದ್ದಾನೆಂದಾಯಿತು.

ಮೊದಲು ಚಕ್ರದ ಗಾಳಿ ನೋಡಿಸಿದರು. 33 ಇರಬೇಕಾದಲ್ಲಿ 24 ಇತ್ತು. (ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಅಲ್ಲೇ ಅಂಟಿಸಿರುತ್ತದೆ. ಗಾಡಿ ಓಡಿ ಬಿಸಿಯಾದ ಮೇಲೆ ನೋಡಿದರೆ ಹೆಚ್ಚು ತೋರಿಸುತ್ತದೆ. ಬೆಳಗ್ಗೆ ತಣ್ಣಗಿರುವಾಗ ನೋಡಬೇಕು.) ಗಾಳಿ ತುಂಬಿಸಿದ ಮೇಲೆ 312 ಕಿಲೋಮೀಟರಿಗೆ 22.1 ಲೀಟರು, 14.1 ಆಯಿತು. ಇನ್ನೂ ಸಾಲದು. ಒಂದು ಸಂಜೆ ಗಾಡಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಬಳಿಯೂ ಕೈ ಹಿಡಿದು ನೋಡಿರೆಂದೆವು. ಮುಟ್ಟಬಾರದು, ಸುಟ್ಟೀತು, ಕಾವು ತಗುಲುವಷ್ಟು ಹತ್ತಿರ ಸಾಕು. ಹಿಂದಿನ ಎಡಚಕ್ರ ಕಾದ ಹೆಂಚಿನಂತಿತ್ತು! ಮಳೆಗಾಲದಲ್ಲಿ ಎರಡು ವಾರ ಹ್ಯಾಂಡ್ ಬ್ರೇಕು ಎಳೆದೇ ನಿಲ್ಲಿಸಿದ್ದರಿಂದ ಅದರ ತಂತಿ ತುಕ್ಕು ಹಿಡಿದು ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ. ಎತ್ತನ್ನು ಹೂಡಿ ಗಾಲಿಗೆ ಹಗ್ಗ ಕಟ್ಟಿದ ಹಾಗೆ. ಮೆಕ್ಯಾನಿಕ್ ಒಂದು ಮಧ್ಯಾಹ್ನದಲ್ಲಿ ಸರಿಮಾಡಿಕೊಟ್ಟ. ಮುಂದಿನ ತುಂಬು 338 ಕಿಲೋಮೀಟರಿಗೆ 20.9 ಲೀಟರು, 16.2. ಉಳಿದ ಮುಕ್ಕಾಲು ಕಿಲೋಮೀಟರು ಇಥೆನಾಲಿನದೇ ಇರಬಹುದು. ಅದರ ಮೇಲೆ ರಾಯರು ಈಗಲೂ ಸಿಟ್ಟಾಗಿದ್ದಾರೆ, ಆಗಲಿ. ಗಾಡಿ ಮಾರಲಿಲ್ಲ. ದೀಪಾವಳಿಗೆ ಆ ತಾಯಿ ಮುಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಹಾವೇರಿಯಿಂದ ಬಂದರು. ಇದರಲ್ಲಿ ಪೆಟ್ರೋಲಿಗಿಂತ ದೊಡ್ಡ ಮಾತೆಂದರೆ, ಹಿಡಿದುಕೊಂಡ ಬ್ರೇಕಿನೊಂದಿಗೆ ಅವರು ಹೈವೇಗೆ ಇಳಿಯಲಿಲ್ಲವೆಂಬುದು.

ಪ್ರಯಾಣದ ಲೆಕ್ಕ ಬರೆಯುವವರು ಹೋಗಿಬಂದದ್ದನ್ನು ಕೂಡಿಸಿ ಬರೆಯಬೇಕು. ಮುಂಬಯಿಯ ಬಂಧುಗಳು ನಮ್ಮ ಸಮ್ಮೇಲನಕ್ಕೆ ಬಂದಾಗ "ಬರುವಾಗ ಕುಡಿಯಿತು, ಹೋಗುವಾಗ ಕುಡಿಯಲಿಲ್ಲ" ಎಂದು ಬೆರಗುಪಡುತ್ತಾರೆ. ಇದರಲ್ಲಿ ಬೆರಗೇನೂ ಇಲ್ಲ. ಮುಂಬಯಿ ಸಮುದ್ರದ ಮಟ್ಟದಲ್ಲಿದೆ, ಪುಣೆ ಸುಮಾರು 560 ಮೀಟರು ಎತ್ತರದಲ್ಲಿ. ಜನ, ಸಾಮಾನು ಸೇರಿ 1,200 ಕಿಲೋಗ್ರಾಮಿನ ಕಾರನ್ನು ಅಷ್ಟೆತ್ತರಕ್ಕೆ ಏರಿಸಲು, ಎಂಜಿನ್ನು ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆಂದು ಹಿಡಿದರೆ, ಮುಕ್ಕಾಲು ಲೀಟರಿನಷ್ಟು ಪೆಟ್ರೋಲು ಹೆಚ್ಚಿಗೆ ಬೇಕು. ಇಳಿಯುವಾಗ ಅದರಲ್ಲಿ ಒಂದಿಷ್ಟು ತಿರುಗಿ ಸಿಕ್ಕುತ್ತದೆ, ಉಳಿದದ್ದು ಘಾಟಿನಲ್ಲಿ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಇಳಿಯುವಾಗ ಗೇರು ತಪ್ಪಿಸಿ ಉಳಿಸುತ್ತೇವೆನ್ನುವವರಿಗೆ ನಮ್ಮದೊಂದು ಕಿವಿಮಾತು: ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ವೇಗದ ಪೆಡಲಿನಿಂದ ಕಾಲು ತೆಗೆದಾಗ ಪೆಟ್ರೋಲು ಸುರಿಯುವುದನ್ನೇ ನಿಲ್ಲಿಸುತ್ತವೆ, ಗೇರು ತಪ್ಪಿಸಿದರೆ ಎಂಜಿನ್ನು ನಡೆಯಲು ಪೆಟ್ರೋಲು ಬೇಕು, ಪ್ರಾಣಕ್ಕೂ ಅಪಾಯ.

ವೇಗದ ವಿಷಯವೂ ಅಷ್ಟೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗೂ ಮೇಲೆ. ಸಾತಾರೆ ದಾಟಿ ಕೊಲ್ಲಾಪುರದ ಕಡೆ ನೇರ ರಸ್ತೆ ಸಿಕ್ಕಾಗ ಇದನ್ನು ನೆನೆಯುವುದು ಕಷ್ಟ, ಬಲ್ಲೆವು. ಆದರೆ ನಮ್ಮ ವಹಿಯಲ್ಲಿ ಒಂದೇ ಬೆಳಗಾವಿ ಪ್ರಯಾಣ 80ರಲ್ಲಿ ಹೋದಾಗ 21, ನೂರರ ಮೇಲೆ ಹೋದಾಗ 17 ಎಂದು ನಿಂತಿದೆ. ಗೆದ್ದದ್ದು ಮುಕ್ಕಾಲು ಗಂಟೆ. ಅದನ್ನೂ ನಿಪ್ಪಾಣಿಯಲ್ಲಿ ಚಹಾ ಕುಡಿಯುತ್ತ ಕಳೆದೆವು.

ಸಿ.ಎನ್.ಜಿ. ಗಾಡಿಯಿರುವ ಮನೆಗಳು ಈಗ ನಮ್ಮಲ್ಲಿ ಅನೇಕ. ಅವರಿಗೂ ಇದೇ ಕ್ರಮ. ಆದರೆ ಆ ಅನಿಲವನ್ನು ಕಿಲೋಗ್ರಾಮಿನಲ್ಲಿ ಮಾರುತ್ತಾರಾದ್ದರಿಂದ ಲೀಟರಿನ ಅಂಕಿಯೊಡನೆ ನೇರವಾಗಿ ಹೋಲಿಸಬಾರದು. ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಎರಡನ್ನೂ ಬರೆದು ನೋಡಬೇಕು. ಅಂಥ ಮನೆಯವರು ಯಾರಾದರೂ ನಾಲ್ಕು ತುಂಬಿನ ಲೆಕ್ಕವನ್ನು, ಮೀಟರಿನ ಅಂಕಿಗಳ ಸಹಿತ, ಸಂಘದ ಕಚೇರಿಯಲ್ಲಿ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಪೆಟ್ರೋಲಿನ ಲೆಕ್ಕದ ಪಕ್ಕದಲ್ಲಿಟ್ಟು ಅಚ್ಚು ಹಾಕುತ್ತೇವೆ. ಹೆಸರು ಬೇಡವೆಂದರೆ ಬೇಡ. ಆದರೆ ಫಲಕದ ಅಂಕಿ ಸಲ್ಲದು, ವಹಿಯದೇ ಬೇಕು.